ಕಿಡಿ ಹಾರಿದ ಮಾತ್ರಕ್ಕೆ ಸಾಣೆಯಾದೀತೇ?

ತುಮಕೂರು: ಗುಬ್ಬಿ ಕಡೆಯಿಂದ ಬರುವ ಬೆಳಗಿನ ಬಸ್ಸಿನಲ್ಲಿ ಒಮ್ಮೊಮ್ಮೆ ಗೋಣಿತಾಟಿನ ಉದ್ದನೆ ಸುರುಳಿಯೊಂದನ್ನು ತೊಡೆಯ ಮೇಲಿಟ್ಟುಕೊಂಡು ಕೂತವರು ಕಾಣಸಿಗುತ್ತಾರೆ. ಪಕ್ಕದವರು ಗಾಬರಿ ಬೀಳಬೇಕಾಗಿಲ್ಲ. ಒಳಗಿರುವುದು ತೋಟದ ಮಚ್ಚು, ಕುಡುಗೋಲು, ಹೆಚ್ಚೆಂದರೆ ಒಂದು ಕೊಡಲಿ. ಹೊಡೆದಾಟಕ್ಕಲ್ಲ, ಸಾಣೆಗೆ ಹೊರಟಿವೆ.

"ಸರಿಯಾಗಿ ಸುತ್ಕಳಿ ಯಜಮಾನ್ರೇ, ಯಾರಿಗಾದ್ರೂ ತಗಲೀತು" ಎಂದು ಕಂಡಕ್ಟರ್ ಗದರುತ್ತಾನೆ.

"ತಗಲಿದ್ರೂ ಕುಯ್ಯಕಿಲ್ಲ ಬುಡಪ್ಪ, ಅದ್ಕೇ ತಾನೇ ಹೊತ್ಕೊಂಡು ಹೋಯ್ತಿರೋದು!" ಎಂಬ ಉತ್ತರ ಬರುತ್ತದೆ. ಬಸ್ಸೆಲ್ಲ ನಗುತ್ತದೆ.

ನಗುವ ಮಾತೇನೋ ಹೌದು. ಆದರೆ ಮಚ್ಚೊಂದನ್ನು ಹರಿತ ಮಾಡಿಸಲು ರೈತ ಇಪ್ಪತ್ತು ಕಿಲೋಮೀಟರು ಬಸ್ಸಿನಲ್ಲಿ ಬರಬೇಕೆ? ಬಂದು ಕಾಸು ಕೊಟ್ಟು ಹರಿತ ಮಾಡಿಸಿಕೊಂಡು ಹೋದದ್ದು ಮುಂದಿನ ವಾರಕ್ಕೇ ಮೊಂಡಾದರೆ ಯಾರನ್ನು ಕೇಳಬೇಕು? ಇದು ಬರೀ ಮಚ್ಚಿನ ಕಥೆಯಲ್ಲ. ತೋಟದ ಕೂಲಿಯ ಲೆಕ್ಕ, ಮರ ಹತ್ತುವವನ ಕೈಕಾಲಿನ ಲೆಕ್ಕ, ಕುಲುಮೆ ನಂಬಿ ಬದುಕಿದವರ ಅನ್ನದ ಲೆಕ್ಕ ಎಲ್ಲವೂ ಇದರಲ್ಲಿ ಅಡಗಿದೆ.

ಎರಡೇ ನಿಮಿಷದ ಕೆಲಸ!

ಗುಬ್ಬಿ ಗೇಟಿನಲ್ಲಿ ಇಳಿದ ಗೋಣಿಸುರುಳಿ ಸಾಮಾನ್ಯವಾಗಿ ಹೋಗುವುದು ಯಾವುದಾದರೊಂದು ವೆಲ್ಡಿಂಗ್ ಅಂಗಡಿಗೆ. ಅಲ್ಲಿ ಕೈಯಲ್ಲಿ ಹಿಡಿಯುವ ಗ್ರೈಂಡಿಂಗ್ ಮಿಷನ್ ಇದೆ. ನಾಲ್ಕಿಂಚಿನ ಚಕ್ರ, ನಿಮಿಷಕ್ಕೆ ಸುಮಾರು 11,000 ಸುತ್ತು. ಗುಂಡಿ ಒತ್ತಿದರೆ ಸಾಕು, ದೀಪಾವಳಿಯ ಹೂಕುಂಡದಂತೆ ಕಿಡಿ ಹಾರುತ್ತದೆ. ಎರಡು ನಿಮಿಷಕ್ಕೆ ಮಚ್ಚಿನ ಬಾಯಿ ಬೆಳ್ಳಗೆ ಹೊಳೆಯುತ್ತದೆ. ರೈತನಿಗೂ ಖುಷಿ, ಅಂಗಡಿಯವನಿಗೂ ಖುಷಿ.

ಎಂಟು ದಿನ ಕಳೆದ ಮೇಲೆ ಅದೇ ಮಚ್ಚು ಹಳೇ ಆಚಾರ್ರ ಮುಂದೆ ಬಂದು ಬೀಳುತ್ತದೆ. ಆಗ ನಡೆಯುವ ಮಾತುಕತೆ ಹೆಚ್ಚುಕಮ್ಮಿ ಎಲ್ಲ ಕಡೆಯೂ ಒಂದೇ.

"ಏನ್ ಆಚಾರ್ರೇ, ಹೋದ್ವಾರ ಸಾಣೆ ಹಿಡಿಸಿದ್ದು. ಆಗ್ಲೇ ಮೊಂಡಾಗೈತೆ."

"ಎಲ್ಲಿ ಹಿಡಿಸಿದ್ರಿ ಗೌಡ್ರೇ?"

"ಟೌನಲ್ಲಿ, ಮಿಷನ್ಗೆ ಕೊಟ್ಟಿದ್ದೆ."

"ಇಲ್ನೋಡಿ, ಬಾಯಿ ನೀಲಿಗಟ್ಟೈತೆ. ಇದು ಸಾಣೆ ಅಲ್ಲ ಕಣ್ರೀ, ಸುಟ್ಟವ್ರೆ."

ಸುಟ್ಟಿದ್ದಾರೆ ಎಂಬ ಆ ಮಾತು ಉತ್ಪ್ರೇಕ್ಷೆಯಲ್ಲ. ಅದರ ಹಿಂದೆ ಶುದ್ಧ ಲೋಹಶಾಸ್ತ್ರವಿದೆ.

ಹದ ಎಂದರೇನು?

ಮಚ್ಚು, ಕೊಡಲಿಗಳ ಬಾಯಿ ಬರೀ ಕಬ್ಬಿಣವಲ್ಲ, ಉಕ್ಕು. ಈಗಿನ ಕುಲುಮೆಗಳಲ್ಲಿ ಒಳ್ಳೆಯ ಮಚ್ಚು ಮಾಡುವುದು ಹಳೇ ಲಾರಿಗಳ ಸ್ಪ್ರಿಂಗ್ ಪಟ್ಟಿಯಿಂದ. ಅದರಲ್ಲಿ ನೂರಕ್ಕೆ ಅರ್ಧ ಪಾಲು ಅಥವಾ ತುಸು ಹೆಚ್ಚು ಇಂಗಾಲ ಇರುತ್ತದೆ. ಕೆಂಡದಲ್ಲಿ ಕಾಯಿಸಿ, ಚೆರ್ರಿ ಹಣ್ಣಿನ ಕೆಂಪು ಬಂದಾಗ, ಎಂದರೆ ಸುಮಾರು 800 ಡಿಗ್ರಿ ಸೆಲ್ಸಿಯಸ್‌ನಲ್ಲಿ, ನೀರಿಗೋ ಎಣ್ಣೆಗೋ ಅದ್ದಿದರೆ ಅದು ಗಾಜಿನಂತೆ ಗಡುಸಾಗುತ್ತದೆ. ಗಾಜಿನಂತೆಯೇ ಒಡೆಯುತ್ತದೆ ಕೂಡ. ಹಾಗಾಗಿ ಮತ್ತೊಮ್ಮೆ ಹಗುರವಾಗಿ ಕಾಯಿಸಬೇಕು. ಆಗ ಉಜ್ಜಿದ ಉಕ್ಕಿನ ಮೇಲೆ ಬಣ್ಣಗಳು ಓಡುತ್ತವೆ. 230 ಡಿಗ್ರಿ ಆಸುಪಾಸಿನಲ್ಲಿ ಹುಲ್ಲಿನ ಹಳದಿ, 260ಕ್ಕೆ ಕಂದು, 280ಕ್ಕೆ ನೇರಳೆ, 300ಕ್ಕೆ ನೀಲಿ.

ಯಾವ ಹತಾರಕ್ಕೆ ಯಾವ ಬಣ್ಣದಲ್ಲಿ ನಿಲ್ಲಿಸಬೇಕು ಎಂಬುದೇ ಹದ. ಆಚಾರ್ರ ಹತ್ತಿರ ಥರ್ಮಾಮೀಟರ್ ಇಲ್ಲ. ಕಣ್ಣೇ ಥರ್ಮಾಮೀಟರು. ಕುಲುಮೆ ಕತ್ತಲಾಗಿರುವುದು ಏಕೆಂದು ಬಹಳ ಜನಕ್ಕೆ ಗೊತ್ತಿಲ್ಲ. ಬಿಸಿಲಲ್ಲಿ ಕೆಂಡದ ಬಣ್ಣ ತಿಳಿಯುವುದಿಲ್ಲ, ಅದಕ್ಕೆ!

ಮಿಷನ್ನಿನ ಚಕ್ರ ತೆಳ್ಳನೆಯ ಬಾಯಿಗೆ ತಗುಲಿದಾಗ ಕೆಲವೇ ಕ್ಷಣಗಳಲ್ಲಿ ಅಲ್ಲಿ 300 ಡಿಗ್ರಿ ದಾಟಿಬಿಡುತ್ತದೆ. ನೀಲಿ ಬಂತೆಂದರೆ ಅಷ್ಟು ಭಾಗದ ಹದ ಇಳಿಯಿತು, ಉಕ್ಕು ಮೆತ್ತಗಾಯಿತು ಎಂದೇ ಅರ್ಥ. ಮೇಲಕ್ಕೆ ಹರಿತ, ಒಳಗೆ ಮೇಣ. ನಾಲ್ಕು ಮಟ್ಟೆ ಕಡಿಯುವಷ್ಟರಲ್ಲಿ ಬಾಯಿ ಮಡಿಚಿಕೊಳ್ಳುತ್ತದೆ. ಮತ್ತೆ ಮಿಷನ್ನು, ಮತ್ತೆ ನೀಲಿ. ಹೀಗೆ ಹತ್ತು ಹದಿನೈದು ವರ್ಷ ಬಾಳಬೇಕಾದ ಮಚ್ಚು ಎರಡು ಮೂರು ವರ್ಷಕ್ಕೆ ಸವೆದು ಈಳಿಗೆಯಷ್ಟಾಗುತ್ತದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆಯನ್ನು ಇಲ್ಲಿ ಕಮ್ಮಾರನಿಗೂ ಅನ್ವಯಿಸಬಹುದು.

ಮಿಷನ್ ಇಟ್ಟುಕೊಂಡವರು ಕೆಟ್ಟವರೆಂದಲ್ಲ. ಗೇಟು, ಕಿಟಕಿ ಮಾಡಲು ತಂದ ಮಿಷನ್ ಅದು. ಹದ ಉಳಿಸಿ ಸಾಣೆ ಹಿಡಿಯಲೇಬೇಕೆಂದರೆ ಪಕ್ಕದಲ್ಲಿ ಬಕೆಟ್ ನೀರಿಟ್ಟುಕೊಂಡು, ಒಂದೆರಡು ಸಲ ಚಕ್ರ ತಾಗಿಸುವುದು, ನೀರಿಗೆ ಅದ್ದುವುದು, ಮತ್ತೆ ತಾಗಿಸುವುದು, ಹೀಗೆ ಮಾಡಬೇಕು. ಕೈಯಲ್ಲಿ ಮುಟ್ಟಲಾಗದಷ್ಟು ಬಿಸಿಯಾಗಲು ಬಿಡಲೇಬಾರದು. ಆದರೆ ಸಾಲಿನಲ್ಲಿ ಗೇಟಿನ ಗಿರಾಕಿ ಕಾಯುತ್ತಿರುವಾಗ ಮಚ್ಚಿನ ಗಿರಾಕಿಗೆ ಇಷ್ಟು ಪುರಸೊತ್ತು ಯಾರು ಕೊಡುತ್ತಾರೆ?

ಆಯ ಹೋಯಿತು, ಕುಲುಮೆಯೂ ಹೋಯಿತು

ಹಿಂದೆ ಊರಿಗೊಂದು ಕುಲುಮೆ ಇತ್ತು. ಕಮ್ಮಾರ ಹನ್ನೆರಡು ಆಯಗಾರರಲ್ಲಿ ಒಬ್ಬ. ವರ್ಷವಿಡೀ ರೈತನ ಗುಳ, ಗುದ್ದಲಿ, ಕುಡುಗೋಲುಗಳನ್ನು ನೋಡಿಕೊಳ್ಳುವುದು ಅವನ ಹೊಣೆ. ಸುಗ್ಗಿಯಲ್ಲಿ ಕಣಕ್ಕೆ ಹೋಗಿ ಆಯದ ರಾಗಿ ತರುವುದು ಅವನ ಹಕ್ಕು. ಆ ಪದ್ಧತಿಯಲ್ಲಿ ಮೇಲು ಕೀಳು ಇತ್ತು, ಕೊಟ್ಟಷ್ಟು ಈಸಿಕೊಳ್ಳಬೇಕಾದ ದೈನ್ಯ ಇತ್ತು. ಅದನ್ನು ಹಾಡಿ ಹೊಗಳಬೇಕಾದ್ದಿಲ್ಲ. ಆದರೆ ಒಂದು ಮಾತು ನಿಜ. ತಾನು ಹದ ಹಾಕಿದ ಕುಡುಗೋಲು ಬೇಗ ಮೊಂಡಾದರೆ ಕಮ್ಮಾರ ಪುಕ್ಕಟೆಯಾಗಿ ಮತ್ತೆ ಕೆಲಸ ಮಾಡಬೇಕಾಗಿತ್ತು. ಆದ್ದರಿಂದ ಹದ ಗಟ್ಟಿಯಾಗಿರುವುದು ಅವನಿಗೇ ಲಾಭವಾಗಿತ್ತು. ಇಂದು ಬೇಗ ಮೊಂಡಾದಷ್ಟೂ ಅಂಗಡಿಗೆ ಲಾಭ!

ಟ್ರಾಕ್ಟರ್ ಬಂದ ಮೇಲೆ ಗುಳದ ಕೆಲಸ ನಿಂತಿತು. ರಾಗಿ ಕೊಯ್ಯುವ ಯಂತ್ರ ಬಂದ ಮೇಲೆ ಕುಡುಗೋಲಿಗೆ ಕಕ್ಕು ಹಾಕಿಸುವವರು ಕಮ್ಮಿಯಾದರು. ಇದ್ದಿಲಿನ ಕಷ್ಟ ಬೇರೆ. ತೆಂಗಿನ ಕರಟದ ಇದ್ದಿಲು ಕುಲುಮೆಗೆ ಬಲು ಒಳ್ಳೆಯದು. ಕಲ್ಪತರು ನಾಡಿನಲ್ಲಿ ಕರಟಕ್ಕೇನು ಬರ ಎನ್ನಬೇಡಿ. 2025ರಲ್ಲಿ ತೆಂಗಿನಕಾಯಿ ಬೆಲೆ ಹಿಂದೆಂದೂ ಕಾಣದಷ್ಟು ಏರಿದಾಗ ಕರಟಕ್ಕೂ ಗಿರಾಕಿ ಹೆಚ್ಚಿತು. ರೈತನಿಗೆ ಅದು ಸಿಹಿ, ಕುಲುಮೆಗೆ ಕಹಿ. ತಿದಿ ಒತ್ತಲು ಮಕ್ಕಳು ಒಪ್ಪುವುದಿಲ್ಲ. ಅವರು ಕಾರ್ಖಾನೆಯ ಸಂಬಳ ನೋಡಿ ಹೋದರೆ ತಪ್ಪೆನ್ನಲು ಯಾರಿಗೆ ಬಾಯಿ ಇದೆ?

ಕಬ್ಬಿಣ ಕರಗಿಸಿದ ನೆಲ ಇದು!

ಹತಾರದ ಸಾಣೆಗಾಗಿ ಬಸ್ಸು ಹತ್ತುವ ಈ ಸೀಮೆಯೇ ಒಂದು ಕಾಲಕ್ಕೆ ಕಬ್ಬಿಣ, ಉಕ್ಕು ತಯಾರಿಸಿದ ಸೀಮೆ ಎಂದರೆ ನಂಬುತ್ತೀರಾ?

ಟಿಪ್ಪು ಸುಲ್ತಾನನ ಪತನವಾದ ಮರುವರ್ಷ, 1800ರಲ್ಲಿ, ಕಂಪನಿ ಸರ್ಕಾರದ ಅಪ್ಪಣೆಯಂತೆ ಫ್ರಾನ್ಸಿಸ್ ಬುಕನನ್ ಎಂಬ ವೈದ್ಯ ಈ ಕಡೆ ಸಂಚಾರ ಮಾಡಿದ. ಅವನ ಪ್ರವಾಸ ಕಥನ 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಮಧುಗಿರಿ, ಚನ್ನರಾಯನದುರ್ಗ, ಹಾಗಲವಾಡಿ, ದೇವರಾಯನದುರ್ಗ ಈ ನಾಲ್ಕೂ ಸೀಮೆಗಳಲ್ಲಿ ಕಬ್ಬಿಣ ಕರಗಿಸುತ್ತಿದ್ದುದನ್ನು ಅವನು ಬರೆದಿದ್ದಾನೆ. ಮೊದಲೆರಡು ಕಡೆ ಮಳೆಯ ತೊರೆಗಳು ಬಂಡೆಗಳಿಂದ ಕೊಚ್ಚಿ ತಂದ ಕರಿಮರಳೇ ಅದಿರು. ಉಳಿದೆರಡು ಕಡೆಗೆ ಮೂಗನಾಯಕನಕೋಟೆ ಹತ್ತಿರದ ಗುಡ್ಡದ ಕಲ್ಲು. ಹಾಗಲವಾಡಿ, ಮೂಗನಾಯಕನಕೋಟೆ ಎರಡೂ ಇಂದು ಗುಬ್ಬಿ ತಾಲ್ಲೂಕಿನವೇ!

ಉಕ್ಕು ಮಾಡುವ ಬಗೆಯನ್ನೂ ಅವನು ವಿವರಿಸಿದ್ದಾನೆ. ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ತುಂಡು, ಅದರ ಜೊತೆಗೆ ತಂಗಡಿ ಗಿಡದ ಕಡ್ಡಿ, ಒಂದೆರಡು ಹಸಿರೆಲೆ ಹಾಕಿ, ಬಾಯಿ ಮುಚ್ಚಿ ಕುಲುಮೆಯಲ್ಲಿ ಕಾಯಿಸುವುದು. ಬೇಲಿಸಾಲಿನ ತಂಗಡಿಯೇ ಇಂಗಾಲ ಒದಗಿಸುತ್ತಿತ್ತು. ಕಲ್ಲುಕುಟಿಗರ ಉಳಿಗಳು ಅಂಥ ಉಕ್ಕಿನಿಂದಲೇ ಆಗುತ್ತಿದ್ದವು.

ಸಾಣೆಕಲ್ಲಿನ ಕಥೆಯೂ ಹಾಗೆಯೇ. ಹಳೇ ಕಾಲದ ಸಾಣೆಚಕ್ರ ಕುರುಂದದ ಕಲ್ಲಿನ ಪುಡಿಯನ್ನು ಅರಗಿನಲ್ಲಿ ಕಲಸಿ ಮಾಡಿದ್ದು. ವಜ್ರವೊಂದನ್ನು ಬಿಟ್ಟರೆ ಅಷ್ಟು ಗಟ್ಟಿಯಾದ ಕಲ್ಲು ನಿಸರ್ಗದಲ್ಲಿ ಸಿಗುವುದು ಅಪರೂಪ. ಇಂಗ್ಲಿಷಿನವರು ಅದನ್ನು ಕರೆಯುವ ಕೊರಂಡಮ್ ಎಂಬ ಹೆಸರು ಕೂಡ ತಮಿಳಿನ ಕುರುಂದದಿಂದ ಹೋದದ್ದೇ. ಈಗ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಕಪ್ಪು ಕಾರ್ಬೊರಂಡಮ್ ಕಲ್ಲು 1891ರಲ್ಲಿ ಅಮೆರಿಕದಲ್ಲಿ ಕಂಡುಹಿಡಿದ ಕೃತಕ ವಸ್ತು. ಅದೂ ಬಲು ಗಟ್ಟಿ, ಬೆಲೆಯಲ್ಲಿ ಅಗ್ಗ.

ಮೊಂಡು ಮಚ್ಚಿನ ಕೂಲಿ ಎಷ್ಟು?

ವ್ಯಾಪಾರಸ್ಥರಿಗೆ ಅರ್ಥವಾಗುವಂತೆ ಒಂದು ಲೆಕ್ಕ ಹಾಕೋಣ. ತೋಟಕ್ಕೆ ಆರು ಆಳು ಕರೆದಿರಿ. ದಿನಕ್ಕೆ ಆರು ಗಂಟೆ ಕೈಕೆಲಸ. ಹತಾರ ಮೊಂಡಾಗಿ ಒಬ್ಬೊಬ್ಬರಿಗೂ ಗಂಟೆಗೆ ಹತ್ತು ನಿಮಿಷ ದಂಡವಾಯಿತು ಎಂದಿಟ್ಟುಕೊಳ್ಳಿ. ಆರು ಗಂಟೆಗೆ ಒಬ್ಬರದು ಒಂದು ಗಂಟೆ. ಆರು ಜನರದು ಆರು ಗಂಟೆ. ಅಂದರೆ ಪೂರಾ ಒಂದಾಳಿನ ದಿನ! ಆರು ಕೂಲಿ ಕೊಟ್ಟು ಐದಾಳಿನ ಕೆಲಸ ಮಾಡಿಸಿದಂತಾಯಿತು. ಬೆಳಿಗ್ಗೆ ಒಂದೊಂದು ಹತಾರಕ್ಕೆ ಐದು ನಿಮಿಷ ಮಸೆದಿದ್ದರೆ ಆಗುತ್ತಿದ್ದ ಖರ್ಚು ಅರ್ಧ ಗಂಟೆ. ಈ ಲೆಕ್ಕಕ್ಕೆ ಯಾವ ಕಾಲೇಜೂ ಬೇಕಿಲ್ಲ.

ಪ್ರಾಣದ ಲೆಕ್ಕ ಇನ್ನೊಂದಿದೆ. ಹರಿತವಾದ ಹತಾರ ಅಪಾಯ, ಮೊಂಡಾದದ್ದು ಕ್ಷೇಮ ಎಂದು ಜನ ತಿಳಿದಿದ್ದಾರೆ. ಇದ್ದದ್ದು ಅದರ ತಿರುವುಮುರುವು. ಹರಿತವಾದದ್ದು ಇಟ್ಟ ಕಡೆ ಕೂರುತ್ತದೆ. ಮೊಂಡಾದದ್ದು ಜಾರುತ್ತದೆ. ಜಾರದಿರಲೆಂದು ಜೋರಾಗಿ ಬೀಸಬೇಕಾಗುತ್ತದೆ. ಜೋರಾಗಿ ಬೀಸಿದ್ದು ತಪ್ಪಿದರೆ ಮೊಣಕಾಲಿಗೆ. ತೆಂಗಿನ ಮರದ ನೆತ್ತಿಯಲ್ಲಿ ಒಂದು ಕೈಯಲ್ಲಿ ಮರ ತಬ್ಬಿ ಇನ್ನೊಂದು ಕೈಯಲ್ಲಿ ಗೊನೆ ಕಡಿಯುವವನಿಗೆ ಎರಡನೆಯ ಏಟು ಹಾಕುವಂತಾಗುವುದೇ ಗಂಡಾಂತರ. ಗಾಯವಾದರೆ ಟೀಪುಡಿ, ಅರಿಶಿನ ಮೆತ್ತಿ ಸುಮ್ಮನಿರದೆ, ಸೋಪು ನೀರಲ್ಲಿ ತೊಳೆದು ಆಸ್ಪತ್ರೆಗೆ ಹೋಗಿ ಧನುರ್ವಾಯುವಿನ ಚುಚ್ಚುಮದ್ದಿನ ಬಗ್ಗೆ ಕೇಳಬೇಕು.

ಮರದ ಲೆಕ್ಕ ಮೂರನೆಯದು. ಮೊಂಡು ಬಾಯಿ ಕಡಿಯುವುದಿಲ್ಲ, ಜಜ್ಜುತ್ತದೆ, ಸಿಗಿಯುತ್ತದೆ. ಕುಣಿಗಲ್ ಕಡೆಯ ರೇಷ್ಮೆ ಬೆಳೆಗಾರರಿಗೆ ಇದು ಚೆನ್ನಾಗಿ ಗೊತ್ತು. ಹಿಪ್ಪುನೇರಳೆ ಕಡ್ಡಿಯನ್ನು ಮೊಂಡು ಕುಡುಗೋಲಿನಲ್ಲಿ ಎಳೆದರೆ ತೊಗಟೆ ಸುಲಿದು ಬರುತ್ತದೆ, ಆ ಗಿಡದ ಮುಂದಿನ ಚಿಗುರು ಹಿಂದೆ ಬೀಳುತ್ತದೆ. ತೆಂಗಿನಲ್ಲಂತೂ ಗಾಯವೆಂದರೆ ರೋಗಕ್ಕೆ ಬಾಗಿಲು ತೆಗೆದಂತೆ. ಕಾಂಡ ಸೋರುವ ರೋಗದ ಶಿಲೀಂಧ್ರ ಒಳಹೊಕ್ಕುವುದು ಕಾಂಡದ ಬಿರುಕು, ಗಾಯಗಳ ಮೂಲಕವೇ. ಹಸಿಗಾಯದ ವಾಸನೆಗೆ ಕೆಂಪು ಮೂತಿ ಹುಳು ಬರುತ್ತದೆ. ಆದ್ದರಿಂದ ಹಸಿರು ಗರಿ ಕಡಿಯಲೇಬೇಕಾದರೆ ಬುಡದಿಂದ ಮೂರ್ನಾಲ್ಕು ಅಡಿ ಬಿಟ್ಟು, ಹರಿತವಾದ ಮಚ್ಚಿನಲ್ಲಿ ನೀಟಾಗಿ ಕಡಿಯಬೇಕು. ರೋಗದ ಮರಕ್ಕೆ ಬಳಸಿದ ಮಚ್ಚನ್ನು ತೊಳೆಯದೆ ಇನ್ನೊಂದು ಮರಕ್ಕೆ ಹಾಕಬಾರದು.

ಮನೆಯಲ್ಲೇ ಮಸೆಯಿರಿ

ಹಾಗಾದರೆ ಉಪಾಯವೇನು? ಹದ ಹಾಕುವುದು ಆಚಾರ್ರ ಕೆಲಸ. ಬಾಯಿ ಮುಕ್ಕಾದಾಗ, ಪೂರಾ ದಪ್ಪವಾದಾಗ ಕೆಂಡಕ್ಕಿಟ್ಟು ಹಣಿಸಲು, ಎಂದರೆ ಬಡಿದು ತೆಳುವಾಗಿಸಲು, ಕುಲುಮೆಗೇ ಹೋಗಬೇಕು. ಆದರೆ ದಿನನಿತ್ಯದ ಹರಿತ ಯಾರು ಬೇಕಾದರೂ ಮನೆ ಜಗಲಿಯಲ್ಲೇ ಕೂತು ಮಾಡಿಕೊಳ್ಳಬಹುದು. ಬೇಕಾದದ್ದು ಮೂರೇ ಸಾಮಾನು: ಕಬ್ಬಿಣ ಉಜ್ಜುವ ಒಂದು ಅರ, ಒಂದು ಕಡೆ ಒರಟು ಒಂದು ಕಡೆ ನುಣುಪು ಇರುವ ಮಸೆಗಲ್ಲು, ಒಂದು ಚೆಂಬು ನೀರು.

ಮೊದಲು ಮಚ್ಚಿನ ಮೇಲಿನ ಅಂಟು, ಕಿಲುಬು ತೆಗೆಯಿರಿ. ತೆಂಗಿನ ನಾರಿನಲ್ಲಿ ಬೂದಿ ಹಾಕಿ ತಿಕ್ಕಿದರೆ ಸಾಕು. ಹತಾರ ಅಲ್ಲಾಡದಂತೆ ಮರದ ದಿಮ್ಮಿಗೆ ಆನಿಸಿ ಹಿಡಿಯಿರಿ. ಸಣ್ಣ ಮುಕ್ಕುಗಳಿದ್ದರೆ ಅರ ಹಾಕಿ. ಅರವನ್ನು ಮುಂದಕ್ಕೆ ತಳ್ಳುವಾಗ ಮಾತ್ರ ಒತ್ತಬೇಕು. ವಾಪಸು ತರುವಾಗ ಎತ್ತಿಬಿಡಬೇಕು. ಎರಡೂ ಕಡೆಗೆ ಗರಗರ ತಿಕ್ಕಿದರೆ ಅರದ ಹಲ್ಲೇ ಸವೆಯುತ್ತದೆ. ಅರ ಜಾರುತ್ತಿದ್ದರೆ ಆಚಾರ್ರ ಹದ ಗಟ್ಟಿ ಇದೆ ಎಂದು ತಿಳಿದು ಕಲ್ಲಿಗೆ ಹೋಗಿ. ಬೆಣ್ಣೆಯಂತೆ ಕಚ್ಚಿದರೆ ಹದ ಹೋಗಿದೆ ಎಂದು ಲೆಕ್ಕ.

ಮುಂದೆ ಕಲ್ಲು. ಅದನ್ನು ನೀರಲ್ಲಿ ನೆನೆಸಿ. ಎಷ್ಟು ಓರೆ ಹಿಡಿಯಬೇಕು ಎಂಬುದೇ ಎಲ್ಲರ ಅನುಮಾನ. ಜೇಬಿನಲ್ಲಿ ಬಸ್ ಟಿಕೆಟ್ ಇದ್ದರೆ ತೆಗೆಯಿರಿ. ಅದರ ಮೂಲೆ ಲಂಬಕೋನ, 90 ಡಿಗ್ರಿ. ಆ ಮೂಲೆಯನ್ನು ಸರಿಯಾಗಿ ಅರ್ಧಕ್ಕೆ ಮಡಿಚಿದರೆ 45. ಮತ್ತೆ ಅರ್ಧಕ್ಕೆ ಮಡಿಚಿದರೆ ಇಪ್ಪತ್ತೆರಡೂವರೆ. ಮಚ್ಚಿಗೆ ಒಂದೊಂದು ಬದಿಗೆ ಅಷ್ಟು ಓರೆ ಸರಿಯಾದ ಅಳತೆ. ಕಟ್ಟಿಗೆ ಸೀಳುವ ಕೊಡಲಿಗೆ ಅದಕ್ಕಿಂತ ತುಸು ಹೆಚ್ಚು ಓರೆ ಬೇಕು. ತೀರಾ ತೆಳುವಾದರೆ ಗಂಟಿಗೆ ತಗುಲಿ ಮುಕ್ಕಾಗುತ್ತದೆ.

ಅದೇ ಓರೆಯಲ್ಲಿ ಹಿಡಿಯಿಂದ ತುದಿಯವರೆಗೆ ಒಂದೇ ಸಮನೆ ಮಸೆಯುತ್ತ ಹೋಗಿ. ಸ್ವಲ್ಪ ಹೊತ್ತಿಗೆ ಆಚೆ ಬದಿಯಲ್ಲಿ ಕೂದಲೆಳೆಯಷ್ಟು ಒರಟು ಅಂಚು ಏಳುತ್ತದೆ. ಬೆರಳನ್ನು ಅಡ್ಡಲಾಗಿ, ಬೆನ್ನಿನಿಂದ ಬಾಯಿಯ ಕಡೆಗೆ, ಹಗುರವಾಗಿ ಸವರಿದರೆ ಗೊತ್ತಾಗುತ್ತದೆ. ಬಾಯಿಯ ಉದ್ದಕ್ಕೆ ಮಾತ್ರ ಬೆರಳು ಎಳೆಯಬಾರದು! ಉದ್ದಕ್ಕೂ ಆ ಅಂಚು ಎದ್ದಿತೆಂದರೆ ಆ ಬದಿ ಮುಗಿಯಿತು. ತಿರುಗಿಸಿ ಇನ್ನೊಂದು ಬದಿ. ಕೊನೆಗೆ ನುಣುಪು ಕಲ್ಲಿನಲ್ಲಿ ಆ ಕಡೆ ಎರಡು, ಈ ಕಡೆ ಎರಡು ಎಂಬಂತೆ ಹಗುರವಾಗಿ ಎಳೆದು ಅಂಚನ್ನು ಬೀಳಿಸಬೇಕು. ಇದನ್ನು ಬಿಟ್ಟರೆ ಮಸೆದದ್ದೆಲ್ಲ ದಂಡ. ಆ ತೆಳು ಅಂಚು ಮೊದಲ ಏಟಿಗೇ ಮಡಿಚಿಕೊಂಡು ಬಾಯಿ ಮೊಂಡಾಗುತ್ತದೆ.

ಗುದ್ದಲಿ, ಸನಿಕೆಗಳಿಗೆ ಇಷ್ಟೆಲ್ಲ ಬೇಕಿಲ್ಲ. ಒಂದೇ ಬದಿಗೆ ಹತ್ತಿಪ್ಪತ್ತು ಸಲ ಅರ ಎಳೆದರೆ ಸಾಕು, ನೆಲ ಅಗೆಯುವವನ ಸೊಂಟ ಆಶೀರ್ವಾದ ಮಾಡುತ್ತದೆ. ಕಕ್ಕು ಇರುವ ರಾಗಿ ಕುಡುಗೋಲಿನ ಹಲ್ಲಿರುವ ಬದಿಯನ್ನು ಕಲ್ಲಿಗೆ ಕೊಡಬಾರದು. ಹಲ್ಲಿಲ್ಲದ ಚಪ್ಪಟೆ ಬದಿಯನ್ನಷ್ಟೇ ಮಸೆಯಬೇಕು. ಹಲ್ಲೇ ಸವೆದಿದ್ದರೆ ಆಚಾರ್ರು ಉಳಿಯಲ್ಲಿ ಮತ್ತೆ ಕಕ್ಕು ಹಾಕಿಕೊಡುತ್ತಾರೆ. ಅಡಿಕೆ ಗೊನೆ ಇಳಿಸುವ ದೋಟಿ ಕುಡುಗೋಲಿಗೆ ಒಳಬಾಗಿನ ಕಡೆ ಚಪ್ಪಟೆ ಕಲ್ಲು ಹೋಗುವುದಿಲ್ಲ. ಕಿರಿದಾದ, ಉರುಟು ಕಲ್ಲು ಬೇಕು.

ಕೆಲಸ ಮುಗಿದ ಮೇಲೆ ಒರೆಸಿ ಒಣಗಿಸಿ ಹೊಂಗೆಣ್ಣೆಯನ್ನೋ ಕೊಬ್ಬರಿ ಎಣ್ಣೆಯನ್ನೋ ಸವರಿಡಿ. ಮಚ್ಚನ್ನು ಹಸಿ ಮರಕ್ಕೆ ಕಚ್ಚಿಸಿ ಮನೆಗೆ ಹೋಗುವ ಚಾಳಿ ಬಿಡಿ. ರಾತ್ರಿಯ ಇಬ್ಬನಿಗೆ ಬಾಯಿ ತುಕ್ಕು ಹಿಡಿಯುತ್ತದೆ. ಮನೆಯಲ್ಲಿ ಮಕ್ಕಳಿದ್ದರೆ ಕೈಗೆಟುಕದ ಕಡೆ ಇಡುವುದನ್ನು ಹೇಳಬೇಕಾಗಿಯೇ ಇಲ್ಲ.

ಕೊಳ್ಳುವಾಗಲೂ ಎಚ್ಚರ

ಮನೆಯಲ್ಲಿ ಎಷ್ಟು ಮಸೆದರೂ ಹತಾರದಲ್ಲೇ ಉಕ್ಕಿಲ್ಲದಿದ್ದರೆ ಹರಿತ ನಿಲ್ಲದು. ಕುಣಿಗಲ್ ಮೂಲಕ ಹಾದುಹೋಗುವ ಬೆಂಗಳೂರು–ಮಂಗಳೂರು ಹೆದ್ದಾರಿಯಂಥ ರಸ್ತೆಗಳ ಬದಿಯಲ್ಲಿ ಬೇಸಿಗೆಯಲ್ಲಿ ಡೇರೆ ಹಾಕಿ ಕೊಡಲಿ, ಮಚ್ಚು ಬಡಿಯುವ ಉತ್ತರದ ಕಡೆಯ ಅಲೆಮಾರಿ ಕಮ್ಮಾರರು ಕಾಣಸಿಗುತ್ತಾರೆ. ಗಂಡ ಇಕ್ಕಳದಲ್ಲಿ ಹಿಡಿದ ಕಬ್ಬಿಣಕ್ಕೆ ಹೆಂಡತಿ ಸುತ್ತಿಗೆ ಏಟು ಹಾಕುವುದನ್ನು ಬಸ್ಸಿನ ಕಿಟಕಿಯಿಂದ ನೋಡಿ ಬೆರಗಾದವರು ಬಹಳ. ಕಣ್ಣೆದುರೇ ಬಡಿದು ಕೊಡುವುದರಿಂದ ಯಾವ ಲೋಹ ಎಂದು ಕೇಳಿ ಕೊಳ್ಳುವ ಅನುಕೂಲವಾದರೂ ಅಲ್ಲಿದೆ. ಅಂಗಡಿಯಲ್ಲಿ ಬಣ್ಣ ಬಳಿದು ತೂಗುಹಾಕಿದ ಮಚ್ಚಿಗೆ ಅದೂ ಇಲ್ಲ.

ಒಂದು ಸುಲಭ ಪರೀಕ್ಷೆ ಇದೆ. ಬಾಯಿಯ ಅಂಚಿಗೆ ಹೊಸ ಅರವನ್ನು ಒಮ್ಮೆ ಮೆಲ್ಲಗೆ ತಾಗಿಸಿ ನೋಡುವುದು. ಸಾದಾ ಕಬ್ಬಿಣವಾದರೆ ಅರ ಆಳವಾಗಿ ಕಚ್ಚುತ್ತದೆ. ಅಂಥದ್ದನ್ನು ಎಷ್ಟು ಸಲ ಕಾಯಿಸಿ ನೀರಿಗೆ ಅದ್ದಿದರೂ ಗಡುಸಾಗದು, ಏಕೆಂದರೆ ಅದರಲ್ಲಿ ಸಾಕಷ್ಟು ಇಂಗಾಲವೇ ಇರುವುದಿಲ್ಲ. ಮಂಡಿಪೇಟೆಯ ವ್ಯಾಪಾರಸ್ಥರು ಮಚ್ಚು ಮಾರುವಾಗ ಜೊತೆಗೆ ಒಂದು ಮಸೆಗಲ್ಲನ್ನೂ ಗಿರಾಕಿಗೆ ತೋರಿಸಿದರೆ ವ್ಯಾಪಾರವೂ ಆಗುತ್ತದೆ, ಗಿರಾಕಿ ಶಾಪ ಹಾಕುವುದೂ ತಪ್ಪುತ್ತದೆ.

ಪಟ್ಟಿಯಲ್ಲಿ ಸಾಣೆಯವನೇ ಇಲ್ಲ!

ಇನ್ನು ಸರ್ಕಾರದ ಮಾತಿಗೆ ಬರೋಣ. 2023ರ ಸೆಪ್ಟೆಂಬರ್ 17ರಂದು ಕೇಂದ್ರ ಸರ್ಕಾರ ಪಿ.ಎಂ. ವಿಶ್ವಕರ್ಮ ಯೋಜನೆ ಆರಂಭಿಸಿತು. ಅದರಲ್ಲಿ 18 ಕಸುಬುಗಳಿವೆ. ಕಮ್ಮಾರರು ಇದ್ದಾರೆ, ಸುತ್ತಿಗೆ ಮತ್ತು ಹತಾರ ಮಾಡುವವರು ಇದ್ದಾರೆ, ಬೀಗ ಮಾಡುವವರೂ ಇದ್ದಾರೆ. ತರಬೇತಿಯ ದಿನಕ್ಕೆ 500 ರೂಪಾಯಿ ಭತ್ಯೆ, ಸಲಕರಣೆಗೆ 15,000 ರೂಪಾಯಿ, ಶೇಕಡಾ 5ರ ಬಡ್ಡಿಗೆ ಮೊದಲು ಒಂದು ಲಕ್ಷ, ಅದನ್ನು ತೀರಿಸಿದ ಮೇಲೆ ಎರಡು ಲಕ್ಷ ಸಾಲ ಎಂಬುದು ಯೋಜನೆಯ ಕ್ರಮ. ಕುಲುಮೆ ನಡೆಸುವವರಿಗೆ ಇದು ಒಳ್ಳೆಯ ಆಸರೆಯೇ.

ಆದರೆ ಸೈಕಲ್ ಮೇಲೆ ಸಾಣೆಚಕ್ರ ಕಟ್ಟಿಕೊಂಡು, "ಸಾಣೇ... ಚಾಕು ಸಾಣೆ, ಕತ್ರಿ ಸಾಣೆ" ಎಂದು ಕೂಗುತ್ತ ಬೀದಿ ಬೀದಿ ಸುತ್ತುವವನ ಹೆಸರು ಆ 18ರಲ್ಲಿ ಇಲ್ಲ. ಪೆಡಲ್ ತುಳಿಯುವಾಗ ಚಕ್ರ ತಿರುಗುವುದು ಮಿಷನ್ನಿನ ವೇಗದ ಒಂದಂಶವೂ ಅಲ್ಲ. ಆದ್ದರಿಂದಲೇ ಅವನ ಕೈಯಲ್ಲಿ ಕತ್ತರಿಯ ಹದ ಕೆಡುವುದಿಲ್ಲ. "ಮೆತ್ತಗೆ ಹಿಡಿಯಪ್ಪ, ಈಳಿಗೆ ಸವೆದು ಹೋದಾತು" ಎಂದು ಬಾಗಿಲಲ್ಲಿ ನಿಂತು ಹೇಳುವ ಗೃಹಿಣಿಗೆ, "ಸವೆಸಾಕೆ ಮಿಷನ್ನಾ ಅಕ್ಕ? ಕಾಲಲ್ಲಿ ತುಳಿಯೋದು" ಎನ್ನುವವನು ಅವನು. ಹತಾರ ಮಾಡುವವನಿಗೆ ಪಟ್ಟಿಯಲ್ಲಿ ಜಾಗ ಇದೆ, ಹತಾರ ಉಳಿಸುವವನಿಗೆ ಇಲ್ಲ. ಇದೆಂಥ ನ್ಯಾಯ?

ಹಾಗೆಂದು ದಾರಿ ಪೂರ್ತಿ ಮುಚ್ಚಿಲ್ಲ. 2014ರ ಬೀದಿಬದಿ ವ್ಯಾಪಾರಿಗಳ ಕಾಯಿದೆಯಲ್ಲಿ ಸಾಮಾನು ಮಾರುವವರಷ್ಟೇ ಅಲ್ಲ, ಬೀದಿಯಲ್ಲಿ ಜನರಿಗೆ ಸೇವೆ ಒದಗಿಸುವವರೂ ಸೇರುತ್ತಾರೆ. 2020ರ ಜೂನ್‌ನಲ್ಲಿ ಶುರುವಾದ ಪಿ.ಎಂ. ಸ್ವನಿಧಿಯಲ್ಲಿ ಮೊದಲ ಕಂತಿನ ಸಾಲ 10,000 ರೂಪಾಯಿ ಇತ್ತು, 2025ರಲ್ಲಿ ಅದನ್ನು 15,000ಕ್ಕೆ ಏರಿಸಲಾಯಿತು. ಸಾಣೆ ಹಿಡಿಯುವವರು ನಗರಸಂಸ್ಥೆಯ ಸಮೀಕ್ಷೆಯಲ್ಲಿ ಹೆಸರು ಬರೆಸಿ ಗುರುತಿನ ಚೀಟಿ ಕೇಳಬಹುದು. ಸೈಕಲ್ ಮೇಲೆ ಸುತ್ತುವವನು ಸಮೀಕ್ಷೆಯವರು ಬಂದ ದಿನ ಆ ಬೀದಿಯಲ್ಲಿ ಇರುವುದಿಲ್ಲ ಎಂಬುದೇ ತೊಡಕು. ತುಮಕೂರು ಮಹಾನಗರಪಾಲಿಕೆ, ಕುಣಿಗಲ್ ಪುರಸಭೆ, ಗುಬ್ಬಿ ಪಟ್ಟಣ ಪಂಚಾಯಿತಿಯವರು ಅವರನ್ನು ತಾವೇ ಹುಡುಕಿ ಬರೆದುಕೊಂಡರೆ ಯಾರ ಗಂಟೂ ಹೋಗದು.

ಹಿರೇಹಳ್ಳಿ ಮತ್ತು ಕೊನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರಗಳು ರೈತರಿಗೆ ನಾನಾ ತರಬೇತಿ ಕೊಡುತ್ತವೆ. ಅದರ ಜೊತೆ ಅರ್ಧ ದಿನ ಮಸೆಗಲ್ಲಿನ ಪಾಠ ಸೇರಿಸಿ, ಕಲಿಸಲು ಊರಿನ ಹಿರಿಯ ಆಚಾರ್ರೊಬ್ಬರನ್ನೇ ಗೌರವಧನ ಕೊಟ್ಟು ಕರೆಸಿದರೆ ಹೇಗೆ? ಶಿವರಾತ್ರಿಯ ಸಮಯದಲ್ಲಿ ಸಿದ್ಧಗಂಗೆಯ ಜಾತ್ರೆಯಲ್ಲಿ ನಡೆಯುವ ಕೃಷಿ ಮತ್ತು ಕೈಗಾರಿಕಾ ವಸ್ತುಪ್ರದರ್ಶನದಲ್ಲಿ ಒಂದು ಮಳಿಗೆ ಕುಲುಮೆಗೆ ಸಿಕ್ಕರೆ ಸಾವಿರಾರು ರೈತರ ಕಣ್ಣಿಗೆ ಬೀಳುತ್ತದೆ. ಕೋಟಿಗಟ್ಟಲೆ ಖರ್ಚಿನ ಮಾತೇನೂ ಇಲ್ಲಿಲ್ಲ.

ವರ್ಷಕ್ಕೊಮ್ಮೆ ಆಯುಧಪೂಜೆ ಬರುತ್ತದೆ. ಬಸ್ಸು, ಲಾರಿ, ಕಾರುಗಳಿಗೆ ಬಾಳೆಕಂದು ಕಟ್ಟುತ್ತಾರೆ, ಕುಂಬಳಕಾಯಿ ಒಡೆಯುತ್ತಾರೆ. ಮೂಲೆಯಲ್ಲಿದ್ದ ಮಚ್ಚು, ಕುಡುಗೋಲಿಗೂ ಅರಿಶಿನ ಕುಂಕುಮ ಸಿಗುತ್ತದೆ. ಮಾರನೆಯ ದಿನ ಅದೇ ಮಚ್ಚು ಮತ್ತೆ ಗೋಣಿತಾಟು ಸುತ್ತಿಕೊಂಡು ಬಸ್ಸು ಹತ್ತುತ್ತದೆ, ಕಿಡಿ ಹಾರಿಸಿಕೊಂಡು ಹದ ಕಳೆದುಕೊಂಡು ಬರಲು! ಕುಂಕುಮದ ಜೊತೆ ಐದು ನಿಮಿಷ ಮಸೆಗಲ್ಲನ್ನೂ ತೋರಿಸಿದರೆ ಆಯುಧಕ್ಕೂ ತೃಪ್ತಿ, ಅದನ್ನು ಹಿಡಿದು ಮರ ಹತ್ತುವವನ ಮನೆಯವರಿಗೂ ನೆಮ್ಮದಿ.

ಉಳಿದದ್ದು ಪಟ್ಟಿ ಬರೆಯುವವರ ಕೈಯಲ್ಲಿದೆ. ಸಂಬಂಧಪಟ್ಟವರು ಇತ್ತ ಗಮನ ಹರಿಸುವರೇ?